ಬೀಡಿನ (ಎರಕದ ಕಬ್ಬಿಣದ) ಫೈರ್‌ಪ್ಲೇಸ್‌ನ ಹಳೇ ಪೇಂಟ್ ತೆಗೆಯೋದು: ಪ್ರಶ್ನೋತ್ತರ

ಸಕಲೇಶಪುರ: ಸರ್, ಎಸ್ಟೇಟ್ ಬಂಗಲೆಯ ಬೀಡಿನ ಫೈರ್‌ಪ್ಲೇಸ್ ಮೇಲೆ ಐದಾರು ಕೋಟ್ ಪೇಂಟಿದೆ. ಹೂಬಳ್ಳಿ ಮುಚ್ಚೇ ಹೋಗಿದೆ. ಏನು ಹಚ್ಚಬೇಕು?

ಉತ್ತರ: ಜೆಲ್ ಪೇಂಟ್ ರಿಮೂವರ್. 3 ಮಿ.ಮೀ. ದಪ್ಪ ಬಳಿದು ಪಾಲಿಥೀನ್ ಹಾಳೆ ಮುಚ್ಚಿ. ಒಣಗಿದರೆ ಕೆಲಸ ಮಾಡಲ್ಲ. ಪೇಂಟ್ ಸುಕ್ಕುಗಟ್ಟಿ ಎದ್ದಮೇಲೆ ಪಟ್ಟಿ ಬ್ಲೇಡ್, ಸಂದಿಗೆ ಹಿತ್ತಾಳೆ ಬ್ರಷ್, ಬಿದಿರುಕಡ್ಡಿ. ಎರಡು ಮೂರು ಸುತ್ತು ಬೇಕು. ಮೆಥಿಲೀನ್ ಕ್ಲೋರೈಡ್ ಇರೋ ಡಬ್ಬ ಮುಚ್ಚಿದ ಕೋಣೆಯಲ್ಲಿ ತೆರೀಬೇಡಿ, ಜೀವಕ್ಕೇ ಅಪಾಯ. ಕೊನೆಗೆ ಟರ್ಪೆಂಟೈನಲ್ಲಿ ಒರೆಸಿ, ಅವತ್ತೇ ಪ್ರೈಮರ್ ಹೊಡೀರಿ. ನಿಮ್ಮ ಮಳೆಗಾಲದಲ್ಲಿ ಬರೀ ಬೀಡು ರಾತ್ರಿ ಕಳೆಯೋದರೊಳಗೆ ಕೆಂಪಗಾಗುತ್ತೆ.

ಮಡಿಕೇರಿ: ಪೇಂಟರ್ ನಿನ್ನೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಅರ್ಧ ಉಜ್ಜಿದ್ದಾನೆ. ಹಾಲ್ ತುಂಬಾ ಬಿಳಿ ಪುಡಿ. ತಳದ ಕೋಟ್ ಕಿತ್ತಳೆ ಬಣ್ಣ. ಎರಡು ವರ್ಷದ ಮಗು ಇದೆ. ಬಾಕಿದೂ ಹಾಗೇ ಮಾಡಿಸಲಾ?

ಉತ್ತರ: ಮೇಡಂ, ಈಗಲೇ ನಿಲ್ಲಿಸಿ. ಕಿತ್ತಳೆ ತಳ ಅಂದ್ರೆ ಬಹುತೇಕ ರೆಡ್ ಲೆಡ್ ಪ್ರೈಮರ್, ಸೀಸ. ನಮ್ಮಲ್ಲಿ ಮನೆ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಯಾಗಿದ್ದೇ 2017ರ ನವೆಂಬರಲ್ಲಿ, ಅದಕ್ಕೂ ಹಿಂದಿನ ಕೋಟ್ ಯಾವುದನ್ನೂ ನಂಬಬೇಡಿ. ಮಗುವನ್ನ ಆ ಕೋಣೆಗೆ ಬಿಡಬೇಡಿ. ಪೊರಕೆ ಬೇಡ, ಫ್ಯಾನ್ ಬೇಡ. ಮಾಮೂಲಿ ವ್ಯಾಕ್ಯೂಮ್ ಕ್ಲೀನರೂ ಬೇಡ, ನುಣ್ಣನೆ ಪುಡೀನ ಹಿಂದಿನಿಂದ ಊದುತ್ತೆ. ಸೋಪುನೀರಿನ ಒದ್ದೆ ಬಟ್ಟೆಯಲ್ಲಿ ನೆಲ, ಕಿಟಕಿ ದಂಡೆ, ಕುರ್ಚಿ ಕಾಲು ಒರೆಸಿ. ಒರೆಸಿದ ಬಟ್ಟೆ ತೊಳೆದು ಮತ್ತೆ ಬಳಸಬೇಡಿ, ಹಾಗೇ ಕವರಲ್ಲಿ ಕಟ್ಟಿ. ನಾಳೆ ಇನ್ನೊಮ್ಮೆ ಒರೆಸಿ, ಪುಡಿ ಕೆಳಗೆ ಕೂರ್ತಾ ಇರುತ್ತೆ. ಆಟಿಕೆ ತೊಳೀರಿ. ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ. ಮಗು ಆಡ್ಕೊಂಡಿದೆ ಅಂತ ಬಿಡಬೇಡಿ, ಮೊದಮೊದಲು ಲಕ್ಷಣ ಕಾಣದೇ ಇರಬಹುದು. ಪೇಂಟರಿಗೂ ತಿಳಿಸಿ, ಅದೇ ಬಟ್ಟೆಯಲ್ಲಿ ಮನೆಗೆ ಹೋಗಬಾರದು.

ಹಾಸನ: ವಾಟ್ಸಾಪಲ್ಲಿ ಬಂದಿತ್ತು, ಕಾಸ್ಟಿಕ್ ಸೋಡಾ ಕುದಿಸಿ ಸುರಿದರೆ ಹತ್ತೇ ನಿಮಿಷ.

ಉತ್ತರ: ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತೆ. ಬೀಡಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಕ್ಷಾರ ಹೊಸ ಪೇಂಟನ್ನ ಎಬ್ಬಿಸುತ್ತೆ. ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಲೀಡ್ಸ್: ಇಲ್ಲಿ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದಿ ಕೊಡ್ತಾರಲ್ಲ?

ಹಾಸನ: ನೋಡಿ! ಇಂಗ್ಲೆಂಡಲ್ಲಿ ಸರಿ, ನಾವು ಮಾಡಿದ್ರೆ ತಪ್ಪು!

ಲೀಡ್ಸ್: ಅವರು ಬೋಲ್ಟ್ ಬಿಚ್ಚಿ, ಟೈಲ್ಸ್ ತೆಗೆದು, ಅದ್ದಿದ ಮೇಲೆ ಕ್ಷಾರ ಹೋಗೋವರೆಗೂ ತೊಳೀತಾರೆ ಸ್ವಾಮಿ. ಹಾಲಲ್ಲಿ ಬಕೆಟ್ ಸುರಿಯಲ್ಲ.

ಹಾಸನ: ನಿಮ್ಮನ್ನ ಯಾರು ಕೇಳಿದ್ದು?

ಚಿಕ್ಕಮಗಳೂರು: ಬ್ಲೋ ಲ್ಯಾಂಪ್ ಹಿಡಿಯಬಹುದಾ?

ಉತ್ತರ: ಬೇಡ. ಒಂದೇ ಕಡೆ ಕಾದ ಬೀಡು ಸೀಳುತ್ತೆ. ಜೊತೆಗೆ ಸೀಸದ ಹೊಗೆ.

ಕೊಪ್ಪ: ಸೀಳಿರೋದನ್ನ ವೆಲ್ಡಿಂಗ್ ಮಾಡಿಸಬಹುದಾ ಸರ್?

ಮೂಡಿಗೆರೆ: ಏನು ಹಚ್ಚಬೇಕು ಸರ್? ಬ್ಲೋ ಲ್ಯಾಂಪ್ ಆಗುತ್ತಾ?

ಉತ್ತರ: ಮೂಡಿಗೆರೆಯವರೇ, ಮೇಲೆ ಓದಿ. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಇದೆ.

ಮಡಿಕೇರಿ: ಒರೆಸಿದ ನೀರು ಗಿಡಕ್ಕೆ ಹಾಕಲಾ?

ಉತ್ತರ: ಮಗು ಆಡೋ ಮಣ್ಣಿಗೆ ಒಂದು ಹನಿಯೂ ಬೇಡ ಮೇಡಂ. ಟಾಯ್ಲೆಟ್ಟಿಗೆ ಸುರೀರಿ. ರಿಪೋರ್ಟ್ ಬಂದ ತಕ್ಷಣ ತಿಳಿಸಿ.