ಬಿಗ್‌ಹಾರ್ನ್ ಶೀಪ್ ‘ಕಾಡುಕುರಿ’ಯೇ? ಸ್ಟೋನ್ ಶೀಪ್ ‘ಕಲ್ಲುಕುರಿ’ಯೇ?

ಪ್ರಶ್ನೆ: ಉತ್ತರ ಅಮೆರಿಕದ ರಾಕಿ ಪರ್ವತಗಳ ಪ್ರಾಣಿಗಳನ್ನು ಕುರಿತ ಲೇಖನವೊಂದು ಕನ್ನಡಕ್ಕೆ ಬರಬೇಕಿದೆ. ಸದ್ಯಕ್ಕೆ ಇಟ್ಟುಕೊಂಡಿರುವ ಪದಗಳು: ಬಿಗ್‌ಹಾರ್ನ್ ಶೀಪ್‌ಗೆ ಕಾಡುಕುರಿ, ಸ್ಟೋನ್ ಶೀಪ್‌ಗೆ ಕಲ್ಲುಕುರಿ, ಮೌಂಟನ್ ಗೋಟ್‌ಗೆ ಬೆಟ್ಟದ ಮೇಕೆ, ಎಲ್ಕ್ ಎಂಬ ದೊಡ್ಡ ಜಿಂಕೆಗೆ ಕಡವೆ. ಹಾರ್ನ್, ಆಂಟ್ಲರ್ ಎರಡಕ್ಕೂ ಕೊಂಬು. ಗಂಡು ಎಲ್ಕನ್ನು ಮೂಲದಲ್ಲಿ ‘ಬುಲ್’ ಎಂದಿದ್ದಾರೆ, ಗೂಳಿ ಎನ್ನಬಹುದೇ? ಬಲ್ಲವರು ತಿದ್ದಬೇಕು.

ಉತ್ತರ: ಕಾಡುಕುರಿ ಬೇಡ. ಆ ಹೆಸರಿಗೆ ನಮ್ಮಲ್ಲಿ ಆಗಲೇ ಒಡೆಯನಿದ್ದಾನೆ. ಮಲೆನಾಡಿನವರಿಗೆ ಕಾಡುಕುರಿ ಎಂದರೆ ನಾಯಿಯಂತೆ ಬೊಗಳುವ ಸಣ್ಣ ಜಿಂಕೆ, ಮಂಟ್‌ಜಾಕ್. ಕೊಂಡುಕುರಿಯೂ ಕುರಿಯಲ್ಲ, ಜಗಳೂರಿನ ರಂಗಯ್ಯನದುರ್ಗದಲ್ಲಿ ವನ್ಯಧಾಮ ಇರುವುದು ನಾಲ್ಕು ಕೊಂಬಿನ ಆ ಹುಲ್ಲೆಗಾಗಿ. ಕನ್ನಡದ ಕಾಡಿನಲ್ಲಿ ‘ಕುರಿ’ ಎನಿಸಿಕೊಂಡವು ಕುರಿಗಳೇ ಅಲ್ಲ ಎಂಬುದೇ ಇಲ್ಲಿನ ತೊಡಕು. ಹೆದ್ದಾರಿ, ಹೆಮ್ಮರಗಳ ಜಾಡಿನಲ್ಲಿ ‘ಹೆಗ್ಗೊಂಬಿನ ಕುರಿ’ ಎಂದು ನೋಡಿ. ಗಂಡನ್ನು ಟಗರು ಎಂದರೆ ಸಾಕು, ಅದರ ಕೊಂಬಿನ ಜೋಡಿಯೇ 14 ಕಿಲೋವರೆಗೆ ತೂಗುತ್ತದೆ. ‘ಸುರುಳಿಗೊಂಬಿನ ಕುರಿ’ ಎಂಬುದು ಕಿವಿಗೆ ಚೆನ್ನಾಗಿದ್ದರೂ ಹೆಣ್ಣಿಗೆ ಒಪ್ಪದು, ಅದರ ಕೊಂಬು ಗಿಡ್ಡ, ಕುಡುಗೋಲಿನಷ್ಟೇ ಬಾಗು.

ಕಲ್ಲುಕುರಿಯನ್ನಂತೂ ಅಳಿಸಿಬಿಡಿ. ಅಲ್ಲಿ ಕಲ್ಲಿಲ್ಲ, ಮನುಷ್ಯನಿದ್ದಾನೆ! ಆಂಡ್ರ್ಯೂ ಸ್ಟೋನ್ ಎಂಬ ಅಮೆರಿಕನ್ ಪರಿಶೋಧಕನ ಹೆಸರನ್ನು 1897ರಲ್ಲಿ ಈ ಕುರಿಗೆ ಇಟ್ಟರು. ಕೆನಡಾದ ಉತ್ತರ ಬ್ರಿಟಿಷ್ ಕೊಲಂಬಿಯಾ, ಯೂಕಾನ್‌ಗಳ ಬೂದುಗಪ್ಪು ಕುರಿ ಇದು. ಇದರ ಬಿಳಿಯ ದಾಯಾದಿ ಡಾಲ್ ಕುರಿಯದೂ ಹಾಗೇ, ವಿಲಿಯಂ ಡಾಲ್ ಎಂಬ ಪ್ರಕೃತಿ ವಿಜ್ಞಾನಿಯ ಹೆಸರು. ‘ಸ್ಟೋನನ ಕುರಿ’, ‘ಡಾಲನ ಕುರಿ’ ಎಂದರೆ ಯಾರೂ ದಾರಿ ತಪ್ಪುವುದಿಲ್ಲ.

ಬೆಟ್ಟದ ಮೇಕೆ ನಡೆಯುತ್ತದೆ. ಆದರೆ ನಮ್ಮ ಸಾಕುಮೇಕೆಯ ಕುಲ ಕೇಪ್ರಾ, ಇದರದು ಓರಿಯಾಮ್ನೋಸ್. ತಮಾಷೆಯೆಂದರೆ ಆ ಗ್ರೀಕ್ ಹೆಸರಿನ ಅರ್ಥ ‘ಬೆಟ್ಟದ ಕುರಿಮರಿ’. ತಮಿಳರು ನೀಲಗಿರಿಯ ತಾರ್ ಎಂಬ ಕಾಡುಪ್ರಾಣಿಯನ್ನು ವರೈಯಾಡು, ಅಂದರೆ ಕಡಿದಾದ ಬಂಡೆಯ ಆಡು ಎನ್ನುತ್ತಾರೆ. ಅದೂ ಕೇಪ್ರಾ ಅಲ್ಲ. ಆ ಮಾದರಿಯ ‘ಬೆಟ್ಟದಾಡು’ ನನಗೆ ಹೆಚ್ಚು ಹಿಡಿಸುತ್ತದೆ. ಕ್ರಿಯಾಪದದಲ್ಲಿ ಎಚ್ಚರ ಬೇಕು. ಹೆಗ್ಗೊಂಬಿನ ಟಗರುಗಳು ನಮ್ಮ ಟಗರುಕಾಳಗದಂತೆಯೇ ಓಡಿಬಂದು ತಲೆಗೆ ತಲೆ ಗುದ್ದುತ್ತವೆ. ಬೆಟ್ಟದಾಡು ಹಾಗೆ ಗುದ್ದುವುದಿಲ್ಲ. ಅದರ ತಲೆಬುರುಡೆಗೆ ಆ ಗಟ್ಟಿತನವಿಲ್ಲ. ಪಕ್ಕಕ್ಕೆ ಸರಿದು ಎದುರಾಳಿಯ ಪಕ್ಕೆಗೋ ತೊಡೆಗೋ ತಿವಿಯುತ್ತದೆ. ಚಿತ್ರದಲ್ಲಿ ಬಿಳಿಯ ಪ್ರಾಣಿ ಇದ್ದರೆ ಕೊಂಬು ನೋಡಿ: ಕಪ್ಪಗೆ, ಚೂಪಾಗಿ, ಗೇಣುದ್ದ ಇದ್ದು ಜೊತೆಗೆ ಗಡ್ಡವೂ ಇದ್ದರೆ ಬೆಟ್ಟದಾಡು, ಹಳದಿ ಕಂದು ಬಣ್ಣದ ಸುರುಳಿಯಾಗಿದ್ದರೆ ಡಾಲನ ಟಗರು.

ಎಲ್ಕ್ ಕಡವೆಯಲ್ಲ. ಕಡವೆ ನಮ್ಮ ಸಾಂಬಾರ್. ಜೊತೆಗೆ ಯುರೋಪಿನವರ ಇಂಗ್ಲಿಷಿನಲ್ಲಿ ಎಲ್ಕ್ ಎಂದರೆ ಅಮೆರಿಕದವರ ಮೂಸ್, ಅದು ಬೇರೆಯೇ ಜಿಂಕೆ! ವೈಜ್ಞಾನಿಕ ಹೆಸರು ಸರ್ವಸ್ ಕೆನಡೆನ್ಸಿಸ್ ಎಂದಿದ್ದರೆ ‘ವಾಪಿಟಿ’ ಎಂದು ಬರೆಯಿರಿ. ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರ ಈ ಪದಕ್ಕೆ ‘ಬಿಳಿ ಪೃಷ್ಠದ್ದು’ ಎಂದರ್ಥ. ಆಲ್ಸಿಸ್ ಎಂದಿದ್ದರೆ ಮೂಸ್. ಬುಲ್, ಕೌ, ಕಾಫ್‌ಗಳಿಗೆ ಗಂಡು, ಹೆಣ್ಣು, ಮರಿ ಸಾಕು. ಗೂಳಿ, ಹಸು, ಕರು ಎಂದು ಬರೆದರೆ ಓದುಗರು ಕೊಟ್ಟಿಗೆಗೆ ಹೋಗಿಬಿಡುತ್ತಾರೆ.

ಇನ್ನು ಕೊಂಬು. ಆಡು ಕುರಿಗಳದು ಹಾರ್ನ್: ಒಳಗೆ ಮೂಳೆ, ಹೊರಗೆ ಉಗುರಿನಂಥ ಕವಚ. ಸಾಯುವವರೆಗೂ ಬೆಳೆಯುತ್ತದೆ, ಕಳಚುವುದಿಲ್ಲ. ಜಿಂಕೆಗಳದು ಆಂಟ್ಲರ್: ಬರಿ ಮೂಳೆ, ಪ್ರತಿವರ್ಷ ಬಿದ್ದು ಹೊಸದಾಗಿ ಮೂಡುತ್ತದೆ. ಎರಡಕ್ಕೂ ಕೊಂಬು ಎಂದರೆ ‘ವಾಪಿಟಿಯ ಕೊಂಬು ಚಳಿಗಾಲದ ಕೊನೆಗೆ ಬೀಳುತ್ತದೆ’ ಎಂದು ಓದಿದವರು ಟಗರಿನದೂ ಬೀಳುತ್ತದೆ ಎಂದುಕೊಂಡಾರು. ಜಿಂಕೆಗಳದಕ್ಕೆ ಕವಲುಗೊಂಬು ಎನ್ನಿ. ಬೆಳೆಯುವಾಗ ಅದನ್ನು ಹೊದ್ದಿರುವ ನೆತ್ತರು ಹರಿಯುವ ಚರ್ಮಕ್ಕೆ ಇಂಗ್ಲಿಷಿನಲ್ಲಿ ‘ವೆಲ್ವೆಟ್’ ಎನ್ನುತ್ತಾರೆ, ಅದನ್ನು ‘ಮಖಮಲ್ಲು’ ಎನ್ನದೆ ‘ತುಪ್ಪುಳು ತೊಗಲು’ ಎಂದರೆ ಅರ್ಥ ತಾನೇ ತಿಳಿಯುತ್ತದೆ. ‘ಕೋಡು’ ಚೆಂದದ ಪದವೇ, ಆದರೆ ಅದಕ್ಕೆ ಬೆಟ್ಟದ ತುದಿ ಎಂಬ ಅರ್ಥವೂ ಇದೆ. ಬೆಟ್ಟದ ಪ್ರಾಣಿಗಳ ಲೇಖನದಲ್ಲಿ ‘ಕೋಡು ಮುರಿದ ಟಗರು’ ಸರಿ, ‘ಕೋಡಿನಿಂದ ಜಾರಿದ ಟಗರು’ ಬಂದಾಗ ಓದುಗ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ.

ಮತ್ತೊಂದು ಉತ್ತರ: ಮೇಲಿನವರ ಮಾತು ಬಹುಮಟ್ಟಿಗೆ ಸರಿ, ‘ಕವಲುಗೊಂಬು’ ಒಂದಕ್ಕೆ ನನ್ನ ತಕರಾರು. ಚಿಲಿಯ ಪುಡು ಎಂಬ ಮೊಳದೆತ್ತರದ ಜಿಂಕೆಗೆ ಕವಲೇ ಇಲ್ಲ, ಎರಡು ಮೊಳೆಯಂಥ ಕೊಂಬು. ಇತ್ತ ಉತ್ತರ ಅಮೆರಿಕದ ಹುಲ್ಲೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್ ಜಿಂಕೆಯಲ್ಲ, ಆದರೂ ಅದರ ಕೊಂಬಿಗೆ ಕವಲುಂಟು. ಅದು ಹೊರಗವಚವನ್ನು ಮಾತ್ರ ವರ್ಷಕ್ಕೊಮ್ಮೆ ಕಳಚುತ್ತದೆ. ಭೇದ ಇರುವುದು ಕವಲಿನಲ್ಲಲ್ಲ, ಬುಡಸಮೇತ ಉದುರುವುದರಲ್ಲಿ. ಹಾಗಾಗಿ ‘ಉದುರುಗೊಂಬು’ ಮೇಲು. ಲೇಖನದಲ್ಲಿ ಮ್ಯೂಲ್ ಡಿಯರ್ ಬಂದರೆ ‘ಹೇಸರಗತ್ತೆ ಜಿಂಕೆ’ ಎಂದಷ್ಟೇ ಬರೆದರೆ ಮಿಶ್ರತಳಿ ಎಂಬ ಭ್ರಮೆ ಹುಟ್ಟುತ್ತದೆ. ಹೋಲಿಕೆ ಇರುವುದು ಕಿವಿಯಲ್ಲಿ ಮಾತ್ರ, ‘ಹೇಸರಗತ್ತೆ ಕಿವಿಯ ಜಿಂಕೆ’ ಎಂದು ಬಿಡಿಸಿಯೇ ಬರೆಯಿರಿ.