ಮಕ್ಕಳ ಅಪರೂಪದ ಕಾಯಿಲೆಗಳಲ್ಲಿ ಎಐ: ಪೋಸ್ಟ್‌ಡಾಕ್‌ಗೆ ತಯಾರಿ ಹೇಗೆ?

ಪ್ರಶ್ನೆ: ಮಷಿನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮುಗಿಯುತ್ತಿದೆ. ಮಕ್ಕಳ ಆನುವಂಶಿಕ ಕಾಯಿಲೆಗಳ ಕಡೆ ಹೊರಳಬೇಕು. ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆಗೆ) ಅರ್ಜಿ ಹಾಕುವ ಮುಂಚೆ ಏನು ಕಲಿತಿರಬೇಕು?

ಉತ್ತರ 1: ವಿಸಿಎಫ್ ಫೈಲ್ (ಒಬ್ಬರ ಡಿಎನ್‌ಎಯಲ್ಲಿ ಕಂಡ ಬದಲಾವಣೆಗಳ ಪಟ್ಟಿ) ಓದಲು ಬರಲೇಬೇಕು. ಮಗು, ತಾಯಿ, ತಂದೆ ಮೂವರ ಎಕ್ಸೋಮ್ (ಪ್ರೋಟೀನ್ ತಯಾರಿಗೆ ಸಂಕೇತವಾಗುವ ಡಿಎನ್‌ಎ ಭಾಗ) ಹೋಲಿಸಿ, ಮಗುವಿನಲ್ಲಿ ಮಾತ್ರ ಹೊಸದಾಗಿ ಕಾಣಿಸಿದ ರೂಪಾಂತರಗಳನ್ನು (ಡಿಎನ್‌ಎ ಬದಲಾವಣೆಗಳನ್ನು) ಹುಡುಕಿ. ಜನರಲ್ಲಿ ಯಾವ ರೂಪಾಂತರ ಎಷ್ಟು ಸಾಮಾನ್ಯ ಎಂದು ತೋರಿಸುವ ನೋಮ್ಯಾಡ್ ದತ್ತಸಂಚಯದಲ್ಲಿ ಸಾಮಾನ್ಯವಾಗಿರುವುದನ್ನು ಕೈಬಿಡಿ. ರೋಗಲಕ್ಷಣಗಳನ್ನು ಎಚ್‌ಪಿಒ (ರೋಗಲಕ್ಷಣಗಳ ಪ್ರಮಾಣಿತ ಪದಪಟ್ಟಿ) ಸಂಕೇತಗಳಾಗಿ ಬರೆದು, ಕಾರಣವಾಗಿರಬಹುದಾದ ಜೀನ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡುವ ಎಕ್ಸೊಮೈಸರ್ ತಂತ್ರಾಂಶ ಓಡಿಸಿ. ರೂಪಾಂತರ ಎಷ್ಟು ಹಾನಿಕರ ಎಂದು ಊಹಿಸುವ ಎಐ ಸಾಧನ ಆಲ್ಫಾಮಿಸೆನ್ಸ್ ಕೊಡುವ ಅಂಕ ಅಮೈನೋ ಆಮ್ಲ ಬದಲಾಗುವ ರೂಪಾಂತರಕ್ಕೆ ಮಾತ್ರ. ಸ್ಪ್ಲೈಸಿಂಗ್ (ಜೀನ್‌ನ ಆರ್‌ಎನ್‌ಎ ನಕಲನ್ನು ಕತ್ತರಿಸಿ ಜೋಡಿಸುವ ಕ್ರಿಯೆ) ಕೆಟ್ಟಿದೆಯೇ ಎಂದು ನೋಡಲು ಸ್ಪ್ಲೈಸ್‌ಎಐ ಎಂಬ ಇನ್ನೊಂದು ಸಾಧನ ಬೇಕು.

ಉತ್ತರ 2: ಎಐ ಮಾದರಿ (ಮಾಡೆಲ್) ಕಟ್ಟುವುದಕ್ಕಿಂತ ಅದನ್ನು ಪರೀಕ್ಷಿಸುವಾಗ ಎಡವುವವರೇ ಹೆಚ್ಚು. ಅಣ್ಣ ತರಬೇತಿ ದತ್ತಾಂಶದಲ್ಲಿ, ತಂಗಿ ಪರೀಕ್ಷೆಯಲ್ಲಿ ಇದ್ದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕುಟುಂಬವಾರು ಬೇರ್ಪಡಿಸಿ. ರೂಪಾಂತರಗಳು ರೋಗಕಾರಕವೇ ಎಂಬ ವರದಿಗಳ ದತ್ತಸಂಚಯವಾದ ಕ್ಲಿನ್‌ವಾರ್‌ನಲ್ಲೇ ಕಲಿಸಿ ಅಲ್ಲೇ ಪರೀಕ್ಷಿಸಿದರೂ ಇದೇ ಗತಿ. ತರಬೇತಿಯ ನಂತರದ ದಿನಾಂಕದ ನಮೂದುಗಳನ್ನು ಬಳಸಿ. ಹತ್ತಿಪ್ಪತ್ತು ರೋಗಿಗಳಷ್ಟೇ ಇರುವಲ್ಲಿ ನಿಖರತೆಯ ಶೇಕಡಾವಾರು ಏನೂ ಹೇಳದು. ಸರಿಯಾದ ಜೀನ್ ಮೊದಲ 10ರೊಳಗೆ ಎಷ್ಟು ಸಲ ಬಂತು ಎಂದು ವರದಿ ಮಾಡಿ.

ಉತ್ತರ 3: ಸಂದರ್ಶನದಲ್ಲಿ ನೀವೂ ಕೇಳಿ: ದತ್ತಾಂಶಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಈಗಾಗಲೇ ಸಿಕ್ಕಿದೆಯೇ? ಇಲ್ಲದಿದ್ದರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಮಾದರಿ ಸೂಚಿಸಿದ ಜೀನನ್ನು ಪ್ರಯೋಗಾಲಯದಲ್ಲಿ ಪರಿಶೀಲಿಸುವವರು ಯಾರು? ಮಕ್ಕಳ ತಳಿವೈದ್ಯರು ವಾರಕ್ಕೊಮ್ಮೆಯಾದರೂ ಕೂತು ಮಾತಾಡುತ್ತಾರೆಯೇ? ಅವರಿಲ್ಲದ ಗುಂಪಿಗೆ ಸೇರಬೇಡಿ.