ದೋಣಿಯ ತಳದೊಳಗೆ ಅಂಟಿಸಿದ ಆಳಮಾಪಕ ಸೆನ್ಸರ್ 10 ಮೀಟರಿನ ಆಚೆ ಏನನ್ನೂ ತೋರಿಸುತ್ತಿಲ್ಲ

ಪ್ರಶ್ನೆ

ನನ್ನದು ಐದೂವರೆ ಮೀಟರ್ ಉದ್ದದ, ಹೊರಗಟ್ಟಿದ ಎಂಜಿನ್ನಿನ ಫೈಬರ್‌ಗ್ಲಾಸ್ ದೋಣಿ. ತಳಕ್ಕೆ ತೂತು ಕೊರೆಯಲು ಮನಸ್ಸು ಒಪ್ಪದೆ, ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಆಳ ಅಳೆಯುವ, 50 ಮತ್ತು 200 ಕಿಲೋಹರ್ಟ್ಸ್ ಆವರ್ತನಗಳೆರಡರಲ್ಲೂ ಕೆಲಸ ಮಾಡುವ ಚಪ್ಪಟೆ ಸೆನ್ಸರ್ ಒಂದನ್ನು ತಂದು ಹಿಂಭಾಗದಲ್ಲಿ, ತಳದ ಒಳಮೈಗೆ ಸಿಲಿಕೋನ್ ಹಚ್ಚಿ ಕೂರಿಸಿದೆ. ದೋಣಿ ನಿಂತಿರುವಾಗ ಸುಮಾರು 10 ಮೀಟರಿನವರೆಗೆ ಆಳ ಸರಿಯಾಗಿಯೇ ಬರುತ್ತದೆ, ಅದರಾಚೆ ಪರದೆ ಖಾಲಿಯಾಗುತ್ತದೆ. ವೇಗ ಹೆಚ್ಚಿಸಿದರೆ ಎಷ್ಟೇ ಆಳದ ನೀರಿನಲ್ಲಿದ್ದರೂ 0.8 ಮೀಟರ್ ಎಂಬ ಒಂದೇ ಅಂಕಿ ಹಟ ಹಿಡಿದು ನಿಲ್ಲುತ್ತದೆ. ಉಪಕರಣವೇ ಕೆಟ್ಟಿದೆಯೋ, ನಾನು ಆರಿಸಿದ ಸೆನ್ಸರ್ ತಪ್ಪೋ ಎಂಬುದು ತಿಳಿಯುತ್ತಿಲ್ಲ.

ಮೊದಲ ಉತ್ತರ

ಉಪಕರಣವನ್ನು ದೂರುವ ಮುನ್ನ ಅಂಟನ್ನು ಅನುಮಾನಿಸಿ. ತಳದೊಳಗಿನ ಸೆನ್ಸರಿನಿಂದ ಹೊರಟ ಶಬ್ದವು ಫೈಬರ್‌ಗ್ಲಾಸನ್ನು ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ ದಾಟಬೇಕು, ಆದ್ದರಿಂದ ಆ ದಾರಿಯಲ್ಲಿ ಆಗುವ ಪ್ರತಿಯೊಂದು ನಷ್ಟವೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿ ಸುಮಾರು 340 ಮೀಟರ್. ಸಾಂದ್ರತೆಯ ಅಂತರವಂತೂ ಇನ್ನೂ ದೊಡ್ಡದು. ಹೀಗಾಗಿ ಅಂಟಿನಲ್ಲಿ ಕಾಗದದಷ್ಟು ತೆಳುವಾದ ಗಾಳಿಯ ಪದರವಿದ್ದರೂ ಶಬ್ದದ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಸಿಲಿಕೋನ್ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದಷ್ಟೇ ಅಲ್ಲ, ಮೆತ್ತಗಿರುವುದರಿಂದ ಶಬ್ದವನ್ನು ನುಂಗುತ್ತದೆ ಕೂಡ.

ಆದರೆ ಅದಕ್ಕೂ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ನೀವು ಅಂಟಿಸಿದ ಜಾಗದಲ್ಲಿ ತಳವು ಗಟ್ಟಿ ಫೈಬರ್‌ಗ್ಲಾಸೋ, ನಡುವೆ ಫೋಮ್ ಅಥವಾ ಹಗುರ ಮರ ತುಂಬಿದ ಎರಡು ಪದರಗಳೋ? ಎರಡನೆಯದಾದರೆ ಯಾವ ಅಂಟೂ ನಿಮ್ಮನ್ನು ಕಾಪಾಡದು, ಏಕೆಂದರೆ ಆ ತಿರುಳಿನ ತುಂಬ ಗಾಳಿಯೇ ಇರುತ್ತದೆ. ಮರದ ಹಾಗೂ ಲೋಹದ ದೋಣಿಗಳಿಗೆ ಈ ಬಗೆಯ ಸೆನ್ಸರ್ ಒಗ್ಗದಿರುವುದನ್ನೂ ಸೇರಿಸಿ ಹೇಳಿಬಿಡುತ್ತೇನೆ.

ಇದನ್ನು ಪರೀಕ್ಷಿಸಲು ಹಣ ಬೇಕಿಲ್ಲ. ಸೆನ್ಸರನ್ನು ಬಿಡಿಸಿ, ಗಟ್ಟಿಯಾದ ಪ್ಲಾಸ್ಟಿಕ್ ಚೀಲದಲ್ಲಿ ನೀರಿನೊಂದಿಗೆ ಇರಿಸಿ, ಗಾಳಿಯನ್ನೆಲ್ಲ ಹೊರಹಾಕಿ ಬಾಯಿ ಕಟ್ಟಿ. ತಳದ ಮೇಲೆ ಸ್ವಲ್ಪ ನೀರು ಚೆಲ್ಲಿ ಚೀಲವನ್ನು ಅದರ ಮೇಲೆ ಒತ್ತಿ ಹಿಡಿದು ಅಂಕಿ ನೋಡಿ. ಅನಂತರ ಅದೇ ಸೆನ್ಸರನ್ನು ದೋಣಿಯ ಪಕ್ಕದಿಂದ ನೇರವಾಗಿ ನೀರಿಗಿಳಿಸಿ ನೋಡಿ. ಎರಡರ ನಡುವಿನ ವ್ಯತ್ಯಾಸವೇ ತಳದಲ್ಲಾಗುವ ನಷ್ಟ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಮಾಡಿದೆ. ನೇರವಾಗಿ ನೀರಿಗಿಳಿಸಿದಾಗ ನಮ್ಮ ನೀರಿನ ಅತಿ ಆಳದ ಜಾಗದಲ್ಲಿ 24 ಮೀಟರ್ ಸ್ಪಷ್ಟವಾಗಿ ಬಂತು. ಚೀಲದ ಮೂಲಕ, ಮೊದಲು ಅಂಟಿಸಿದ್ದ ಜಾಗದಲ್ಲಿಯೇ, ಅದೇ 24 ಬಂತು, ಪರದೆಯ ಮೇಲಿನ ಗೆರೆ ಮಾತ್ರ ತುಸು ಮಸುಕಾಗಿತ್ತು. ಹಾಗಾದರೆ ತಳ ಗಟ್ಟಿಯಾಗಿದೆ, ದೋಷ ಸಿಲಿಕೋನಿನದೇ. ಗಟ್ಟಿಯಾಗಿ ಕೂರುವ ಎಪಾಕ್ಸಿ ಅಂಟಿನಿಂದ ಮತ್ತೆ ಅಂಟಿಸಿಬಿಡಲೇ?

ಇನ್ನೊಬ್ಬ ಸದಸ್ಯರು

ದಯವಿಟ್ಟು ಸ್ವಲ್ಪ ತಡೆಯಿರಿ. ಚೀಲದ ಪರೀಕ್ಷೆಯ ಫಲಿತಾಂಶವನ್ನು ಪೂರ್ತಿಯಾಗಿ ಅಂಟಿನ ಲೆಕ್ಕಕ್ಕೆ ಬರೆಯುವುದು ಆತುರವಾದೀತು. ನಿಮ್ಮ ದೋಣಿಯ ತಳ ಇಂಗ್ಲಿಷ್ ವಿ ಅಕ್ಷರದಂತೆ ಇಳಿಜಾರಾಗಿರಬಹುದು. ಹಾಗಿದ್ದಲ್ಲಿ ಅಂಟಿಸಿದ ಸೆನ್ಸರ್ ಆ ಇಳಿಜಾರಿಗೆ ತಕ್ಕಂತೆ ಓರೆಯಾಗಿ ನೋಡುತ್ತಿತ್ತು, ಚೀಲದೊಳಗೆ ನೀವು ಅದನ್ನು ಅರಿವಿಲ್ಲದೆಯೇ ನೇರವಾಗಿ ಕೆಳಮುಖ ಮಾಡಿ ಹಿಡಿದಿದ್ದಿರಿ. ಅಂದರೆ ಒಂದೇ ಪರೀಕ್ಷೆಯಲ್ಲಿ ಎರಡು ಬದಲಾವಣೆಗಳಾಗಿವೆ. 200 ಕಿಲೋಹರ್ಟ್ಸ್‌ನಲ್ಲಿ ಶಬ್ದದ ಶಂಕು ಕಿರಿದು, ಹೀಗಾಗಿ ಹದಿನೈದು ಡಿಗ್ರಿ ಓರೆಯಾದರೂ ಗಟ್ಟಿ ನೆಲದಿಂದ ಚಿಮ್ಮಿದ ಪ್ರತಿಧ್ವನಿಯ ಹೆಚ್ಚಿನ ಪಾಲು ಬೇರೆ ಕಡೆಗೆ ಹೊರಟುಹೋಗುತ್ತದೆ. 50 ಕಿಲೋಹರ್ಟ್ಸ್‌ನ ಶಂಕು ಅಗಲವಾದುದರಿಂದ ಓರೆಯನ್ನು ಹೆಚ್ಚು ಸಹಿಸಿಕೊಳ್ಳುತ್ತದೆ, ಆದರೆ ವಿವರ ಕಡಿಮೆ. ಚೀಲದೊಳಗೆ ಸೆನ್ಸರನ್ನು ತಳಕ್ಕೆ ಚಪ್ಪಟೆಯಾಗಿ ತಾಗಿಸಿ, 200ರಲ್ಲಿಯೇ ಇನ್ನೊಮ್ಮೆ ನೋಡಿ.

ಪ್ರಶ್ನೆ ಕೇಳಿದವರು

ನಿಮ್ಮ ಊಹೆ ಸರಿ. ಇಳಿಜಾರನ್ನು ಅಳೆದಾಗ 16 ಡಿಗ್ರಿ ಬಂತು. ಚಪ್ಪಟೆಯಾಗಿ ಒತ್ತಿ ಹಿಡಿದಾಗ 17 ಮೀಟರಿನ ಬಳಿ ಅಂಕಿ ಕಳೆದುಹೋಯಿತು, ನೇರವಾಗಿಸಿದ ಕೂಡಲೇ ಮರಳಿತು.

ಇನ್ನೊಬ್ಬ ಸದಸ್ಯರು

ಹಾಗಾದರೆ 24ರಿಂದ 17ಕ್ಕೆ ಇಳಿಸಿದ್ದು ಓರೆ, 17ರಿಂದ 10ಕ್ಕೆ ಇಳಿಸಿದ್ದು ಸಿಲಿಕೋನ್. ಎಪಾಕ್ಸಿ ಎರಡನೆಯದನ್ನಷ್ಟೇ ಸರಿಪಡಿಸುತ್ತದೆ. ನಿಮಗೆ ಬೇಕಿರುವುದು ದ್ರವ ತುಂಬಿದ ತೊಟ್ಟಿ. ತಳದ ಇಳಿಜಾರಿಗೆ ಹೊಂದುವಂತೆ ಬುಡವನ್ನು ಓರೆಯಾಗಿ ಕತ್ತರಿಸಿದ ಅಗಲವಾದ ಪಿವಿಸಿ ಪೈಪಿನ ತುಂಡು ಸಾಕು. ಸಿದ್ಧವಾಗಿ ಸಿಗುವ, ಕೋನ ಹೊಂದಿಸಬಲ್ಲ ಸೆನ್ಸರುಗಳೂ ಇದೇ ತತ್ತ್ವದವು. ಒಳಗೆ ಪ್ರೊಪಿಲೀನ್ ಗ್ಲೈಕಾಲ್ ತುಂಬಿ, ಸೆನ್ಸರಿನ ಮುಖ ಪೂರ್ತಿ ಮುಳುಗುವಂತೆ ನೇರವಾಗಿ ನಿಲ್ಲಿಸಿ. ಆ ದ್ರವದಲ್ಲಿ ಶಬ್ದದ ವೇಗ ನೀರಿನದಕ್ಕೆ ಹತ್ತಿರವಿರುವುದರಿಂದ, ಶಬ್ದದ ಕಿರಣವು ಫೈಬರ್‌ಗ್ಲಾಸಿನೊಳಗೆ ಬಾಗಿದರೂ ಆಚೆ ಹೊರಡುವಾಗ ಬಹುಮಟ್ಟಿಗೆ ಮೊದಲಿನ ದಿಕ್ಕನ್ನೇ ಹಿಡಿಯುತ್ತದೆ. ಬರಿಯ ನೀರು ತುಂಬಿದರೂ ಕೆಲಸ ನಡೆಯುತ್ತದೆ, ಆದರೆ ಅದು ಆವಿಯಾಗುತ್ತದೆ, ಚಳಿಯಲ್ಲಿ ಹೆಪ್ಪುಗಟ್ಟುತ್ತದೆ.

ಪೈಪನ್ನು ಅಂಟಿಸುವ ಮೊದಲು ಸಿಲಿಕೋನನ್ನು ಉಳಿಕೆಯಿಲ್ಲದಂತೆ ಕೆರೆಯಿರಿ. ಅಸಿಟೋನ್ ಅದನ್ನು ಕರಗಿಸುವುದಿಲ್ಲ, ಉಳಿದ ಪೊರೆಯ ಮೇಲೆ ಎಪಾಕ್ಸಿ ಹಿಡಿಯುವುದೂ ಇಲ್ಲ. ಬಣ್ಣವಿದ್ದರೆ ತೆಗೆದು, 80ರ ಮರಳುಕಾಗದದಿಂದ ಉಜ್ಜಿ, ಆಮೇಲಷ್ಟೇ ಅಸಿಟೋನಿನಿಂದ ಒರೆಸಿ.

ಮೊದಲ ಉತ್ತರ ಕೊಟ್ಟವರು

ಓರೆಯ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. 0.8 ಮೀಟರಿನ ಹಟದ ಕಾರಣ ಮಾತ್ರ ಬೇರೆ. ಉಪಕರಣವು ನೆಲವನ್ನು ಕಳೆದುಕೊಂಡು, ತೀರಾ ಹತ್ತಿರದ ಯಾವುದೋ ಗದ್ದಲವನ್ನು ನೆಲವೆಂದು ತಿಳಿಯುತ್ತಿದೆ. ವೇಗದಲ್ಲಿ ಮಾತ್ರ ಹೀಗಾಗುವುದೆಂದರೆ ಸೆನ್ಸರಿನ ಅಡಿಯಲ್ಲಿ ಗುಳ್ಳೆಭರಿತ ನೀರು ಹರಿಯುತ್ತಿದೆ. ಅದರ ಮುಂದೆ, ತಳದ ಹೊರಮೈಯಲ್ಲಿ ಏನಾದರೂ ಇದೆಯೇ?

ಪ್ರಶ್ನೆ ಕೇಳಿದವರು

ಇದೆ. ನೀರೆಳೆಯುವ ಪಂಪಿನ ಹಿತ್ತಾಳೆಯ ಜಾಲರಿ, ಸುಮಾರು ಒಂದು ಮೀಟರ್ ಮುಂದೆ, ಅದೇ ಗೆರೆಯಲ್ಲಿ.

ಮೊದಲ ಉತ್ತರ ಕೊಟ್ಟವರು

ಅದೇ ಕಾರಣವಿರಬಹುದು. ಜಾಲರಿಯ ಗೆರೆಯಿಂದ, ತಳದ ಉದ್ದಕ್ಕೂ ಇರುವ ಉಬ್ಬುಪಟ್ಟಿಗಳಿಂದ ದೂರ ಸರಿಸಿ. ಹಿಂಭಾಗವನ್ನು ಮಾತ್ರ ಬಿಡಬೇಡಿ, ಏಕೆಂದರೆ ವೇಗದಲ್ಲಿ ದೋಣಿಯ ಮುಂಭಾಗ ನೀರಿನಿಂದ ಮೇಲೇಳುತ್ತದೆ. ಒಬ್ಬರು ದೋಣಿ ನಡೆಸುತ್ತಿರುವಾಗ ಇನ್ನೊಬ್ಬರು ಚೀಲವನ್ನು ಎರಡು ಮೂರು ಕಡೆ ಒತ್ತಿ ಹಿಡಿದು ನೋಡಲಿ. ಕೇಬಲನ್ನು ಎಂಜಿನ್ನಿನ ತಂತಿಗಳ ಜೊತೆ ಕಟ್ಟಬೇಡಿ, ಉದ್ದವಾಯಿತೆಂದು ಕತ್ತರಿಸಲೂ ಬೇಡಿ.

ಪ್ರಶ್ನೆ ಕೇಳಿದವರು

ತೊಟ್ಟಿಯನ್ನು ಜಾಲರಿಯ ಗೆರೆಯಿಂದ 40 ಸೆಂಟಿಮೀಟರ್ ಪಕ್ಕಕ್ಕೆ, ನಡುರೇಖೆಯತ್ತ ಸರಿಸಿ ಕೂರಿಸಿದೆ. ಎಪಾಕ್ಸಿ ಬೇಗ ಗಟ್ಟಿಯಾಗುವ ಬಗೆಯದಾಗಿದ್ದರಿಂದ ಮೊದಲ ಸಲ ಬಿಸಿಯೇರಿ ನೊರೆಗಟ್ಟಿತು, ಅದನ್ನು ಕೆರೆದು ನಿಧಾನವಾಗಿ ಗಟ್ಟಿಯಾಗುವುದನ್ನು ಬಳಸಬೇಕಾಯಿತು. ಈಗ ನಿಂತಾಗ 24 ಮೀಟರ್ ಬರುತ್ತಿದೆ, ಪೂರ್ಣ ವೇಗದಲ್ಲಿ ಅಲೆಗೆ ದೋಣಿ ಜಿಗಿದಾಗ ಮಾತ್ರ ಅಂಕಿ ಕ್ಷಣಕಾಲ ಮಾಯವಾಗುತ್ತದೆ. ಅಳತೆಹಗ್ಗ ಇಳಿಸಿ ಹೋಲಿಸಿದಾಗ ಉಪಕರಣ 30 ಸೆಂಟಿಮೀಟರ್ ಕಡಿಮೆ ತೋರಿಸುತ್ತಿತ್ತು. ಸೆನ್ಸರ್ ನೀರಿನ ಮಟ್ಟದಿಂದ ಅಷ್ಟೇ ಕೆಳಗಿದೆ, ಆದ್ದರಿಂದ ಆ ಅಂತರವನ್ನು ಸೆಟ್ಟಿಂಗಿನಲ್ಲಿ ಸೇರಿಸಿದ್ದೇನೆ.